ಹೆಡರ್ ಇಂಜೆಕ್ಷನ್‌ಗೆ ಮೂರು ಬೇಲಿ ಕಟ್ಟಿ ನೋಡಿದೆ

ನಮ್ಮದೊಂದು ಹಳೇ ಆ್ಯಪ್. ಹೆಡರ್‌ಗಳನ್ನು, ಅಂದರೆ ಉತ್ತರದ ಮೊದಲಲ್ಲಿ ಸರ್ವರ್ ಒಂದೊಂದು ಸಾಲಾಗಿ ಕಳಿಸುವ ಸೂಚನೆಗಳನ್ನು, ಪಠ್ಯದ ತುಂಡು ಜೋಡಿಸಿ ನೇರ ನೆಟ್‌ವರ್ಕ್ ಸಾಕೆಟ್‌ಗೆ ಬರೆಯುತ್ತಿತ್ತು. ಅವುಗಳ ನಡುವೆ ಹೊರಗಿನವರು ತಮ್ಮದೇ ಸಾಲು ತೂರಿಸುವುದೇ ಹೆಡರ್ ಇಂಜೆಕ್ಷನ್. ಲಾಗಿನ್ ಆದ ಮೇಲೆ ಎಲ್ಲಿಗೆ ಕಳಿಸಬೇಕು ಅನ್ನೋದು 'ನೆಕ್ಸ್ಟ್' ಪ್ಯಾರಾಮೀಟರ್‌ನಿಂದ ಬಂದು ಲೊಕೇಶನ್ ಹೆಡರ್‌ಗೆ ಹೋಗುತ್ತಿತ್ತು. ಅದರೊಳಗೆ %0ಡಿ%0ಎ (ಸಾಲು ಮುರಿಯುವ ಸಿಆರ್, ಎಲ್‌ಎಫ್ ಅಕ್ಷರಗಳನ್ನು ಯುಆರ್‌ಎಲ್‌ನಲ್ಲಿ ಬರೆಯುವ ರೀತಿ) ಸೇರಿಸಿ, ಹಿಂದೆಯೇ ಒಂದು ಸೆಟ್-ಕುಕಿ (ಬ್ರೌಸರ್‌ನಲ್ಲಿ ಕುಕಿ ಇಡುವ ಹೆಡರ್) ಬರೆದು ಕಳಿಸಿದೆ. ಉತ್ತರದಲ್ಲಿ ಲೊಕೇಶನ್ ಸಾಲು ಅಲ್ಲೇ ಮುರಿದು, ಕೆಳಗೆ ನನ್ನ ಕುಕಿ ಕೂತಿತ್ತು. ಆ ಲಿಂಕ್ ಒತ್ತಿದವರ ಬ್ರೌಸರ್‌ಗೆಲ್ಲ ನಾನು ಕೊಟ್ಟ ಸೆಷನ್!

ಮೊದಲು ಕೈಯಲ್ಲೇ ಫಿಲ್ಟರ್ ಬರೆದೆ. ಸಿಆರ್ ಮತ್ತು ಎಲ್‌ಎಫ್ ಜೋಡಿ ಕಂಡರೆ ಅಳಿಸುವುದು, ಅಷ್ಟೇ. ಬರೀ ಎಲ್‌ಎಫ್ ಕಳಿಸಿದರೆ ದಾಟಿಕೊಂಡು ಹೋಯಿತು. ಒಂಟಿ ಎಲ್‌ಎಫ್ ಅನ್ನೂ ಸಾಲಿನ ಕೊನೆ ಅಂತ ಒಪ್ಪಲು ಎಚ್‌ಟಿಟಿಪಿ/1.1ರ ನಿಯಮಗಳಿರುವ ಆರ್‌ಎಫ್‌ಸಿ 9112 ಅವಕಾಶ ಕೊಡುತ್ತದೆ, ಅದು ನನಗೆ ಆಮೇಲೆ ಗೊತ್ತಾಗಿದ್ದು. ಅದನ್ನು ಮುಚ್ಚಿದೆ. ಆಗ %250ಡಿ ಕಾಡಿತು: ಒಮ್ಮೆ ಡಿಕೋಡ್ ಆದರೆ ಅದು %0ಡಿ ಆಗುತ್ತದೆ, ಫಿಲ್ಟರ್ ಆದ ಮೇಲೆ ಇನ್ನೊಂದು ಫಂಕ್ಷನ್ ಮತ್ತೊಮ್ಮೆ ಡಿಕೋಡ್ ಮಾಡುತ್ತಿತ್ತು. ಅದೂ ಆಯಿತು ಅನ್ನುವಷ್ಟರಲ್ಲಿ ಯು+560ಎ ಅನ್ನುವ ಚೀನೀ ಅಕ್ಷರ ಸಿಕ್ಕಿತು. ಅಕ್ಷರವನ್ನು ಒಂದೇ ಬೈಟ್‌ಗೆ ಕತ್ತರಿಸುವ ಕೋಡ್ ಇದ್ದರೆ ಕೊನೆಗೆ ಉಳಿಯುವುದು 0ಎ, ಅಂದರೆ ಅದೇ ಎಲ್‌ಎಫ್. ನಮ್ಮಲ್ಲಿ ಆ ಕೋಡ್ ಇತ್ತು. ಅಲ್ಲಿಗೆ ಕೈಬಿಟ್ಟೆ.

ಎರಡನೆಯದು, ಆ್ಯಪ್‌ನ ಮುಂದೆ ಒಂದು ವಾಫ್ (ಅನುಮಾನದ ರಿಕ್ವೆಸ್ಟ್‌ಗಳನ್ನು ತಡೆಯುವ ವೆಬ್ ಫೈರ್‌ವಾಲ್) ನಿಲ್ಲಿಸುವುದು. ಅರ್ಧ ದಿನದ ಕೆಲಸ, ಮಾಮೂಲಿ ದಾಳಿಗಳೆಲ್ಲ ಬಾಗಿಲಲ್ಲೇ ನಿಂತವು. ಆದರೆ ದೂರಿನ ಫಾರ್ಮ್‌ನಲ್ಲಿ ಯಾರೋ ಹೊಸ ಸಾಲಿನಲ್ಲಿ ಇಂಗ್ಲಿಷ್‌ನಲ್ಲಿ 'ಲೊಕೇಶನ್: ಎರಡನೇ ಮಹಡಿ' ಅಂತ ಬರೆದಿದ್ದಕ್ಕೆ, ಅದನ್ನೂ ಹೆಡರ್ ಸಾಲು ಅಂದುಕೊಂಡು 403 (ಪ್ರವೇಶವಿಲ್ಲ) ಕೊಟ್ಟಿತು. ಪಾಪ, ಅವರದೇನು ತಪ್ಪು? ಆ ಫೀಲ್ಡ್‌ಗೆ ವಿನಾಯಿತಿ ಕೊಡಬೇಕಾಯಿತು.

ಮೂರನೆಯದಕ್ಕೆ ಹೆಡರ್ ಬರೆಯುವ ಕೆಲಸವನ್ನೇ ಫ್ರೇಮ್‌ವರ್ಕ್‌ಗೆ ಬಿಟ್ಟೆ. ನಾನು ಆರಿಸಿದ್ದು ಜ್ಯಾಂಗೋ. ಹೆಡರ್‌ನಲ್ಲಿ ಹೊಸ ಸಾಲು ಕಂಡರೆ ಬ್ಯಾಡ್‌ಹೆಡರ್‌ಎರರ್ ಎಸೆಯುತ್ತದೆ. ನೋಡ್.ಜೆಎಸ್ ಕೂಡ ಎರರ್ ಎಸೆಯುತ್ತದೆ. ಪಿಎಚ್‌ಪಿಯ ಹೆಡರ್ ಫಂಕ್ಷನ್ 5.1.2 ರಿಂದಲೇ ಒಂದೇ ಸಲಕ್ಕೆ ಎರಡು ಹೆಡರ್ ಬಿಡುವುದಿಲ್ಲ. ಇದರ ಜೊತೆಗೆ 'ನೆಕ್ಸ್ಟ್'ನಲ್ಲಿ ವಿಳಾಸದ ಬದಲು ಒಂದು ಚಿಕ್ಕ ಹೆಸರು ತೆಗೆದುಕೊಂಡು, ವಿಳಾಸವನ್ನು ನಮ್ಮದೇ ಪಟ್ಟಿಯಿಂದ ಹುಡುಕಿದೆ. ಈಗ ಬಳಕೆದಾರರು ಬರೆದದ್ದು ಹೆಡರ್‌ವರೆಗೆ ಬರುವುದೇ ಇಲ್ಲ. ನನ್ನ ಮತ ಇದಕ್ಕೇ. ಯಾವ ಡೊಮೇನ್ ಬೇಕು ಅಂತ ಬ್ರೌಸರ್ ಹೇಳುವ ಹೋಸ್ಟ್ ಹೆಡರ್ ಮಾತ್ರ ಬೇರೆ ಕಥೆ. ಅದರಲ್ಲಿ ಸಾಲು ಮುರಿಯುವುದೇ ಬೇಕಿಲ್ಲ, ಸುಮ್ನೆ ಸುಳ್ಳು ಡೊಮೇನ್ ಕೊಟ್ಟರೆ ಪಾಸ್‌ವರ್ಡ್ ರೀಸೆಟ್ ಲಿಂಕ್ ಅಲ್ಲಿಗೇ ತಿರುಗಬಹುದು. ಅದಕ್ಕೆ ಜ್ಯಾಂಗೋದ ಅಲೋಡ್ ಹೋಸ್ಟ್ಸ್ (ಒಪ್ಪುವ ಡೊಮೇನ್‌ಗಳ) ಪಟ್ಟಿ ತುಂಬಲೇಬೇಕು.

ಎಲ್ಲ ಮುಗಿಯಿತು ಅಂದುಕೊಂಡು ವಾಫ್ ಆಫ್ ಮಾಡಿ ಪರೀಕ್ಷೆ ಮಾಡಿದೆ. ಮತ್ತೆ ಕುಕಿ ಬಂತು! ಈ ಸಲ ತೂತು ಆ್ಯಪ್‌ನಲ್ಲಿ ಅಲ್ಲ, ಆ್ಯಪ್‌ನ ಮುಂದಿರುವ ವೆಬ್ ಸರ್ವರ್ ಎಂಜಿನ್‌ಎಕ್ಸ್‌ಗೆ ನಾನೇ ಬರೆದ ಕಾನ್ಫಿಗ್‌ನಲ್ಲಿ. ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಕಳಿಸುವ ಸಾಲಿಗೆ 'ಯುಆರ್‌ಐ' ವೇರಿಯಬಲ್ ಹಾಕಿದ್ದೆ. ಅದು ಡಿಕೋಡ್ ಆಗಿಯೇ ಬರುತ್ತದೆ, %0ಡಿ%0ಎ ಅಲ್ಲಿ ನಿಜವಾದ ಹೊಸ ಸಾಲಾಗಿಬಿಡುತ್ತದೆ. 'ರಿಕ್ವೆಸ್ಟ್ ಯುಆರ್‌ಐ' ಹಾಕಿದರೆ ಬಂದದ್ದು ಬಂದ ಹಾಗೇ ಇರುತ್ತದೆ. ಆ್ಯಪ್‌ವರೆಗೆ ವಿಷಯ ಹೋಗದಿದ್ದಾಗ ಫ್ರೇಮ್‌ವರ್ಕ್ ಏನು ಮಾಡೀತು? ಇಷ್ಟು ದಿನ ಇದನ್ನು ತಡೆದಿದ್ದು ನಾನು ಬೈದುಕೊಂಡಿದ್ದ ವಾಫ್. ಆ ಸಾಲು ತಿದ್ದಿದೆ, ವಾಫ್ ಮತ್ತೆ ಹಾಕಿದೆ. ಪ್ರತಿ ಡಿಪ್ಲಾಯ್‌ಗೂ ಮುಂಚೆ ವಾಫ್ ಬದಿಗಿಟ್ಟು ಅದೇ ವಿಳಾಸಕ್ಕೆ ಕರ್ಲ್ (ಕಮಾಂಡ್‌ನಿಂದ ರಿಕ್ವೆಸ್ಟ್ ಕಳಿಸುವ ಟೂಲ್) ಓಡಿಸಿ, ಉತ್ತರದಲ್ಲಿ ನನ್ನ ಕುಕಿ ಇದೆಯಾ ಅಂತ ನೋಡುವ ಟೆಸ್ಟ್ ಕೂಡ ಸೇರಿಸಿದ್ದೇನೆ.