ಪ್ಯಾರಾಲೀಗಲ್ ಕೋರ್ಸ್: ಫೀಸ್ ಕಟ್ಟುವ ಮುಂಚೆ ಯೂನಿಟ್ ಎಣಿಸಿ

ಕ್ಯಾಲಿಫೋರ್ನಿಯಾದಲ್ಲಿ ಕಮ್ಯುನಿಟಿ ಕಾಲೇಜಿಗೆ ಸೇರಿ ಪ್ಯಾರಾಲೀಗಲ್ ಆಗಬೇಕು ಅಂತ ಯೋಚನೆ ಮಾಡುತ್ತಿರುವ ಕನ್ನಡದವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಅಂಥ ಒಂದು ಕೋರ್ಸ್ ಮುಗಿಸಿದ್ದೇನೆ. ಸರ್ಟಿಫಿಕೇಟ್ ಕೈಯಲ್ಲಿದೆ, ಅಂಕಗಳೂ ಚೆನ್ನಾಗಿವೆ. ಆದರೆ ಅದನ್ನು ಹಿಡಿದುಕೊಂಡು ಈ ರಾಜ್ಯದಲ್ಲಿ ನಾನು ಪ್ಯಾರಾಲೀಗಲ್ ಅಂತ ಹೇಳಿಕೊಳ್ಳುವಂತಿಲ್ಲ. ಕಾನೂನೇ ಬಿಡುವುದಿಲ್ಲ. ಓದಿದಷ್ಟು ಕಾಲವೂ ಕಾಲೇಜಿನಲ್ಲಿ ಒಬ್ಬರೂ ಇದನ್ನು ಹೇಳಲಿಲ್ಲ.

ಕೆಲಸ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಊರಿನಲ್ಲಿ ಅನುಭವಿ ಗುಮಾಸ್ತರೂ ಜೂನಿಯರ್ ವಕೀಲರೂ ಸೇರಿ ಮಾಡುವ ಕೆಲಸದ ದೊಡ್ಡ ಪಾಲನ್ನು ಇಲ್ಲಿ ಪ್ಯಾರಾಲೀಗಲ್ ಮಾಡುತ್ತಾರೆ. ಕೇಸಿನ ಕಾಗದ ಜೋಡಿಸುವುದು, ಹಳೆಯ ತೀರ್ಪು ಹುಡುಕುವುದು, ಅರ್ಜಿಗಳ ಕರಡು ಬರೆಯುವುದು, ಕೋರ್ಟಿಗೆ ಆನ್‌ಲೈನ್‌ನಲ್ಲಿ ಫೈಲ್ ಮಾಡುವುದು, ತಾರೀಖುಗಳ ಲೆಕ್ಕ ಇಡುವುದು. ಎಲ್ಲವೂ ವಕೀಲರ ಉಸ್ತುವಾರಿಯಲ್ಲೇ. ಅಮೆರಿಕದ ಕಾರ್ಮಿಕ ಇಲಾಖೆಯ ಲೆಕ್ಕದಲ್ಲಿ 2023ರ ಮೇ ತಿಂಗಳಿಗೆ ಈ ಕೆಲಸದ ಮಧ್ಯಮ ಸಂಬಳ ವರ್ಷಕ್ಕೆ 60,970 ಡಾಲರ್. ಮನೆ, ಮಕ್ಕಳನ್ನು ನೋಡಿಕೊಂಡು ಹೊಸದಾಗಿ ಕೆಲಸಕ್ಕೆ ಇಳಿಯುವ ನನ್ನಂಥವರಿಗೆ ಇದು ಒಳ್ಳೆಯ ದಾರಿ ಅನ್ನಿಸುವುದು ಸಹಜ. ಈಗಲೂ ನನಗೆ ಈ ಕೆಲಸದ ಮೇಲೆ ಪ್ರೀತಿ ಇದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಕಾಲೇಜಿನ ಕೌನ್ಸೆಲರ್ ಹತ್ತಿರ ನಾನು ಕೇಳಿದ್ದು ನೇರವಾಗಿ. "ನನಗೆ ಪ್ಯಾರಾಲೀಗಲ್ ಆಗಬೇಕು, ಯಾವ ಕ್ಲಾಸ್ ತಗೊಳ್ಳಲಿ?" ಅವರು ಕಂಪ್ಯೂಟರಿನಲ್ಲಿ ನೋಡಿ, ಒಂದು ಪ್ಲಾನ್ ಪ್ರಿಂಟ್ ಮಾಡಿ ಕೊಟ್ಟರು. 18 ಯೂನಿಟ್‌ಗಳ ಸರ್ಟಿಫಿಕೇಟ್ (ಯೂನಿಟ್ ಅಂದರೆ ಕ್ಲಾಸ್‌ಗಳನ್ನು ಅಳೆಯುವ ಕ್ರೆಡಿಟ್ ಲೆಕ್ಕ). "ಬೇಗ ಮುಗಿಯುತ್ತೆ, ನಿಮ್ಮಂಥವರಿಗೆ ಇದೇ ಸರಿ" ಅಂದರು. ಆ ಸರ್ಟಿಫಿಕೇಟಿನ ವಿವರಣೆಯಲ್ಲೂ ಪ್ಯಾರಾಲೀಗಲ್ ಕ್ಷೇತ್ರದ ಉದ್ಯೋಗಕ್ಕೆ ತಯಾರು ಮಾಡುತ್ತದೆ ಅಂತಲೇ ಇತ್ತು. ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್ ಫೀಸ್, ಅಂದರೆ ಒಟ್ಟು 828 ಡಾಲರ್. ಪುಸ್ತಕ, ಪಾರ್ಕಿಂಗ್, ಮಗುವನ್ನು ನೋಡಿಕೊಳ್ಳುವವರಿಗೆ ಕೊಟ್ಟ ಹಣ ಬೇರೆ. ಸಂಜೆ ಕ್ಲಾಸ್ ಮುಗಿಸಿ ರಾತ್ರಿ ಹೋಂವರ್ಕ್ ಬರೆದದ್ದಕ್ಕೆ ಬೆಲೆ ಕಟ್ಟುವವರು ಯಾರು?

ಪಾಠಗಳನ್ನು ದೂರುವುದಿಲ್ಲ. ಲೀಗಲ್ ರಿಸರ್ಚ್ ಕಲಿಸಿದ ಮೇಷ್ಟ್ರು ಸ್ವತಃ ವಕೀಲರು, ಬಹಳ ಮನಸ್ಸಿಟ್ಟು ಕಲಿಸಿದರು. ವೆಸ್ಟ್‌ಲಾ ಅನ್ನುವ ಆನ್‌ಲೈನ್ ಭಂಡಾರದಲ್ಲಿ ತೀರ್ಪು ಹುಡುಕುವುದು, ಅದು ಈಗಲೂ ಊರ್ಜಿತವೋ ಅಲ್ಲವೋ ಅಂತ ನೋಡುವುದು, ಸೈಟೇಶನ್, ಅಂದರೆ ತೀರ್ಪಿನ ಉಲ್ಲೇಖ, ತಪ್ಪಿಲ್ಲದೆ ಬರೆಯುವುದು, ಎಲ್ಲ ಅವರಿಂದಲೇ ಬಂತು. ಆದರೆ ಅವರು ವಾರಕ್ಕೊಮ್ಮೆ ಬಂದು ಹೋಗುವ ಅರೆಕಾಲಿಕ ಮೇಷ್ಟ್ರು. ಯಾವ ವಿದ್ಯಾರ್ಥಿ ಯಾವ ಸರ್ಟಿಫಿಕೇಟಿಗೆ ಓದುತ್ತಿದ್ದಾರೆ ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ.

ವಿಷಯ ಗೊತ್ತಾದದ್ದು ಒಂದು ಲಾ ಫರ್ಮ್‌ನ ಇಂಟರ್‌ವ್ಯೂನಲ್ಲಿ. ಅಲ್ಲಿನ ಆಫೀಸ್ ಮ್ಯಾನೇಜರ್ ನನ್ನ ಟ್ರಾನ್ಸ್‌ಕ್ರಿಪ್ಟ್ ನೋಡಿ, "ಸೆಕ್ಷನ್ 6450ರಲ್ಲಿ ನೀವು ಯಾವ ದಾರಿಯಿಂದ ಅರ್ಹರಾಗುತ್ತೀರಿ?" ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಅವರೇ ಪಾಪ ಸಮಾಧಾನವಾಗಿ ವಿವರಿಸಿದರು. ಕಾಲೇಜು ಹೇಳಬೇಕಾಗಿದ್ದನ್ನು ಕೆಲಸ ಕೊಡಲಾಗದವರು ಹೇಳಿದರು.

ಕ್ಯಾಲಿಫೋರ್ನಿಯಾದ ಬಿಸಿನೆಸ್ ಅಂಡ್ ಪ್ರೊಫೆಷನ್ಸ್ ಕೋಡ್‌ನ 6450ನೇ ಸೆಕ್ಷನ್ ಪ್ಯಾರಾಲೀಗಲ್ ಯಾರು ಅಂತ ಹೇಳುತ್ತದೆ. ಹೊಸಬರಿಗೆ ಈಗ ಉಳಿದಿರುವ ದಾರಿ ಮೂರು. ವಕೀಲರ ರಾಷ್ಟ್ರೀಯ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್, ಅಂದರೆ ಎಬಿಎ, ಅನುಮೋದಿಸಿದ ಪ್ಯಾರಾಲೀಗಲ್ ಕೋರ್ಸ್ ಮುಗಿಸಿರಬೇಕು. ಅದಿಲ್ಲದಿದ್ದರೆ, ಮಾನ್ಯತೆ ಇರುವ ಕಾಲೇಜಿನಲ್ಲಿ ಕಾನೂನಿಗೆ ಸಂಬಂಧಪಟ್ಟ ಕನಿಷ್ಠ 24 ಸೆಮಿಸ್ಟರ್ ಯೂನಿಟ್ ಓದಲೇಬೇಕಾದ ಪ್ಯಾರಾಲೀಗಲ್ ಕೋರ್ಸ್ ಆಗಿರಬೇಕು. ಮೂರನೆಯದು, ಯಾವ ವಿಷಯದಲ್ಲಾದರೂ ಬ್ಯಾಚುಲರ್ ಡಿಗ್ರಿ ಇದ್ದು, ವಕೀಲರ ಕೈಕೆಳಗೆ ಕನಿಷ್ಠ ಒಂದು ವರ್ಷ ಕೆಲಸ ಮಾಡಿರಬೇಕು. ಆ ವಕೀಲರು ಅಷ್ಟು ಹೊತ್ತಿಗೆ ಈ ರಾಜ್ಯದ ಬಾರ್‌ನಲ್ಲಿ ಮೂರು ವರ್ಷದಿಂದ ಸಕ್ರಿಯ ಸದಸ್ಯರಾಗಿರಬೇಕು, ಇಲ್ಲವೇ ಅಷ್ಟೇ ಕಾಲದಿಂದ ಇಲ್ಲಿನ ಫೆಡರಲ್ ಕೋರ್ಟ್‌ಗಳಲ್ಲಿ ವಕೀಲಿಕೆ ಮಾಡುತ್ತಿರಬೇಕು. ಇವರು ಈ ಕೆಲಸಕ್ಕೆ ಯೋಗ್ಯರು ಅಂತ ಅವರು ಬರೆದೂ ಕೊಡಬೇಕು.

ನನ್ನ ಕಾಲೇಜಿಗೆ ಎಬಿಎ ಅನುಮೋದನೆ ಇರಲಿಲ್ಲ. ಯೂನಿಟ್ 24 ಇರಲಿಲ್ಲ, ಇದ್ದದ್ದು 18. ಎರಡು ದಾರಿಯೂ ಮುಚ್ಚಿದವು. ಹೊರಗಿನಿಂದ ನೋಡಿದರೆ ಆರು ಯೂನಿಟ್ ಅಷ್ಟೇ ಅಲ್ವಾ ಅನ್ನಿಸುತ್ತದೆ. ವಾಪಸ್ ಹೋಗಿ ಕೇಳಿದೆ. ಈ ಸಲ ಬೇರೆ ಕೌನ್ಸೆಲರ್ ಇದ್ದರು. "ಅದು ಲಾ ಆಫೀಸಿನ ಗುಮಾಸ್ತರ ಕೆಲಸದ ಸರ್ಟಿಫಿಕೇಟ್, ಪ್ಯಾರಾಲೀಗಲ್‌ಗೆ ಇನ್ನೊಂದು ಪ್ಲಾನ್ ಇದೆ" ಅಂದರು. ಆ ಇನ್ನೊಂದು ಪ್ಲಾನ್‌ಗೆ ಬೇಕಾದ ಕ್ಲಾಸ್‌ಗಳಲ್ಲಿ ಒಂದು ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತದೆ. ಕಾದು ಹೆಸರು ಹಾಕಿದೆ. ವಿದ್ಯಾರ್ಥಿಗಳು ಸಾಲದು ಅಂತ ಕ್ಲಾಸ್ ಶುರುವಾಗುವ ಮುಂಚೆಯೇ ರದ್ದು ಮಾಡಿದರು. ಡಿಪಾರ್ಟ್‌ಮೆಂಟಿನಲ್ಲಿ ಕೇಳಿದರೆ "ಮುಂದಿನ ವರ್ಷ ನೋಡೋಣ" ಅನ್ನುವ ಉತ್ತರ.

ಮೂರನೇ ದಾರಿಯಲ್ಲಿ ನಮ್ಮವರಿಗೆ ಬೇರೆ ತೊಡಕಿದೆ. ನನ್ನದು ಕರ್ನಾಟಕದ ಮೂರು ವರ್ಷದ ಬಿ.ಕಾಂ. ಇಲ್ಲಿನ ಬ್ಯಾಚುಲರ್ ಡಿಗ್ರಿ ನಾಲ್ಕು ವರ್ಷದ್ದು. ಡಿಗ್ರಿ ಮೌಲ್ಯಮಾಪನ ಮಾಡುವ ಹಲವು ಸಂಸ್ಥೆಗಳು ಮೂರು ವರ್ಷದ ಡಿಗ್ರಿಯನ್ನು ಸಮ ಅಂತ ಒಪ್ಪುವುದಿಲ್ಲ, ಮೂರು ವರ್ಷದ ಓದು ಅಂತಷ್ಟೇ ಬರೆಯುತ್ತವೆ. ಬಿ.ಇ. ಮಾಡಿದವರಿಗೆ, ಬಿ.ಕಾಂ. ಮೇಲೆ ಎಂ.ಕಾಂ. ಇರುವವರಿಗೆ ಈ ತೊಂದರೆ ಕಡಿಮೆ. ಆದ್ದರಿಂದ ಕಾಲೇಜಿಗೆ ಫೀಸ್ ಕಟ್ಟುವ ಮುಂಚೆ ನಾಸಿಸ್ (NACES, ವಿದೇಶಿ ಡಿಗ್ರಿ ಮೌಲ್ಯಮಾಪನ ಮಾಡುವ ಸಂಸ್ಥೆಗಳ ಸಂಘ) ಸದಸ್ಯ ಸಂಸ್ಥೆಯೊಂದರಲ್ಲಿ ಡಿಗ್ರಿ ಮೌಲ್ಯಮಾಪನ ಮಾಡಿಸಿ. ಡಿಗ್ರಿ ಸಮ ಅಂತ ಬಂದರೆ ಕಾಲೇಜಿನ ಬದಲು ಸೀದಾ ಒಂದು ಲಾ ಆಫೀಸಿನಲ್ಲಿ ಸಹಾಯಕರಾಗಿ ಸೇರಿ, ಸಂಬಳ ತಗೊಂಡೇ ಒಂದು ವರ್ಷದಲ್ಲಿ ಅರ್ಹತೆ ಪಡೆಯುವ ದಾರಿ ನಿಮಗಿರಬಹುದು. ಇದು ಮೊದಲೇ ಗೊತ್ತಿದ್ದರೆ ಎಷ್ಟೋ ಜನರ ಹಣ ಉಳಿಯುತ್ತಿತ್ತು.

ನನ್ನ ಕ್ಲಾಸಿನಲ್ಲಿ ಧಾರವಾಡದ ಕಡೆಯ ಒಬ್ಬ ಅಕ್ಕ ಇದ್ದರು. ಊರಲ್ಲಿ ಎಲ್‌ಎಲ್‌ಬಿ ಮಾಡಿ, ಸನ್ನದು ಪಡೆದು, ಕೋರ್ಟಿನಲ್ಲಿ ಪ್ರಾಕ್ಟೀಸೂ ಮಾಡಿದವರು. ನಮ್ಮ ಜೊತೆ ಕೂತು ಕಾಂಟ್ರ್ಯಾಕ್ಟ್ ಅಂದರೇನು ಅಂತ ಮೊದಲಿನಿಂದ ಓದುತ್ತಿದ್ದರು. ಬೇರೆ ದೇಶದಲ್ಲಿ ವಕೀಲರಾಗಿ ನೋಂದಾಯಿಸಿಕೊಂಡವರು ಇಲ್ಲಿ ಮತ್ತೆ ಲಾ ಡಿಗ್ರಿ ಮಾಡದೆಯೂ ಕ್ಯಾಲಿಫೋರ್ನಿಯಾ ಬಾರ್ ಪರೀಕ್ಷೆಗೆ ಕೂರಬಹುದು. ಪರೀಕ್ಷೆ ಕಷ್ಟ, ನಿಜ. ಆದರೆ ದಾರಿ ಇದೆ. ಈ ಮಾತು ಅವರ ಕಿವಿಗೆ ಬಿದ್ದದ್ದು ಕೋರ್ಸ್ ಅರ್ಧ ಮುಗಿದ ಮೇಲೆ. "ಆ ಕೌನ್ಸೆಲರ್‌ಗೆ ನಾ ವಕೀಲಿ ಅಂತ ಹೇಳೇನಲ್ಲ, ಒಂದ್ ಮಾತು ಹೇಳಬಾರದೇನ್ರೀ" ಅಂತ ಅವರು ಅತ್ತದ್ದು ನನಗೆ ಇವತ್ತಿಗೂ ಸಂಕಟ. ಕರ್ನಾಟಕ ಬಾರ್ ಕೌನ್ಸಿಲ್‌ನಲ್ಲಿ ಹೆಸರಿರುವವರು ಮೊದಲು ಸ್ಟೇಟ್ ಬಾರ್‌ನ ನಿಯಮ ಓದಿ, ಪ್ಯಾರಾಲೀಗಲ್ ಕೋರ್ಸ್ ಆಮೇಲೆ. ಎಲ್‌ಎಲ್‌ಬಿ ಮುಗಿಸಿ ನೋಂದಣಿ ಮಾಡಿಸದವರಿಗೆ ಈ ಅನುಕೂಲ ಇಲ್ಲ, ಅವರು ಇಲ್ಲಿ ಎಲ್‌ಎಲ್‌ಎಂ ಮಾಡಬೇಕಾಗುತ್ತದೆ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಅರ್ಧಂಬರ್ಧ ಸರ್ಟಿಫಿಕೇಟ್ ಹಿಡಿದು ಕೆಲಸ ಹುಡುಕುವವರನ್ನು ಕಾದು ಕೂತಿರುವ ಆಫೀಸುಗಳಿವೆ. ನನ್ನನ್ನೂ ಒಬ್ಬರು ಕರೆದರು. ನಮ್ಮ ದೇಶದವರಿಗೇ ವಲಸೆ ಅರ್ಜಿ ತುಂಬಿಕೊಡುವ ಜಾಗ. ಯಾವ ಫಾರಂ ಹಾಕಬೇಕು ಅಂತ ಗಿರಾಕಿಗಳಿಗೆ ನಾನೇ ಹೇಳಬೇಕು, ಫೀಸ್ ನಾನೇ ಮಾತಾಡಬೇಕು, ಕಾರ್ಡಿನಲ್ಲಿ ಪ್ಯಾರಾಲೀಗಲ್ ಅಂತ ಹಾಕಿಕೊಡುತ್ತೇವೆ ಅಂದರು. ವಕೀಲರು ಎಲ್ಲಿ ಅಂದರೆ ಸರಿಯಾದ ಉತ್ತರ ಬರಲಿಲ್ಲ. ಒಪ್ಪದೆ ಎದ್ದು ಬಂದೆ. ಪ್ಯಾರಾಲೀಗಲ್ ಕಾನೂನು ಸಲಹೆ ಕೊಡುವಂತಿಲ್ಲ, ಫೀಸ್ ನಿಗದಿ ಮಾಡುವಂತಿಲ್ಲ, ವಕೀಲರನ್ನು ಬಿಟ್ಟು ಬೇರೆಯವರಿಗೆ ನೇರವಾಗಿ ಕೆಲಸ ಮಾಡುವಂತಿಲ್ಲ. ಇದೂ ಅದೇ ಸೆಕ್ಷನ್‌ನಲ್ಲಿದೆ. ಮೀರಿದರೆ ಮೊದಲ ಸಲವೇ 2,500 ಡಾಲರ್‌ವರೆಗೆ ದಂಡ, ಮತ್ತೆ ಮಾಡಿದರೆ ಜೈಲೂ ಆಗಬಹುದು. ವಲಸೆ ಕನ್ಸಲ್ಟೆಂಟ್ ಆಗಿ ಕೆಲಸ ಮಾಡಲು ಬೇರೆಯೇ ಕಾನೂನಿದೆ, ಅದಕ್ಕೆ ಒಂದು ಲಕ್ಷ ಡಾಲರ್ ಬಾಂಡ್ ಇಡಬೇಕು. ವೀಸಾ ಮೇಲೆ ಇರುವ ನಮ್ಮಂಥವರಿಗೆ ಇಂಥ ಒಂದು ಕೇಸ್ ಬಿದ್ದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ. ಅದಕ್ಕಿಂತ ಹೆಚ್ಚಾಗಿ, ತಪ್ಪು ಫಾರಂ ಹಾಕಿಸಿಕೊಂಡ ಆ ಕುಟುಂಬದ ಗತಿ ಏನು?

ಈಗ ನೀವು ಮಾಡಬೇಕಾದದ್ದು. ಎಬಿಎ ಅನುಮೋದನೆ ಇರುವ ಕೋರ್ಸ್‌ಗಳ ಪಟ್ಟಿಯನ್ನು ಎಬಿಎ ತಾನೇ ರಾಜ್ಯವಾರು ಪ್ರಕಟಿಸುತ್ತದೆ. ಕಾಲೇಜಿನವರ ಮಾತು ಬೇಡ, ಆ ಪಟ್ಟಿಯಲ್ಲೇ ಹುಡುಕಿ. "ಅರ್ಜಿ ಹಾಕುತ್ತಿದ್ದೇವೆ" ಅಂದರೆ ಅನುಮೋದನೆ ಇಲ್ಲ ಅಂತಲೇ ತಿಳಿಯಿರಿ. ಒಂದು ಕಾಲೇಜಿನಲ್ಲಿ ಎರಡು ಮೂರು ಸರ್ಟಿಫಿಕೇಟ್ ಇರುತ್ತವೆ, ಹೆಸರುಗಳೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ನೀವು ಸೇರುವ ಸರ್ಟಿಫಿಕೇಟಿಗೇ ಅನುಮೋದನೆ ಇದೆಯಾ ಅಂತ ನೋಡಿ. ಅನುಮೋದನೆ ಇಲ್ಲದ ಕಡೆ ಕ್ಯಾಟಲಾಗ್ ತೆಗೆದು ಕಾನೂನಿನ ಕ್ಲಾಸ್‌ಗಳ ಯೂನಿಟ್ ಕೂಡಿಸಿ. ಇಂಗ್ಲಿಷ್, ಕಂಪ್ಯೂಟರ್ ಕ್ಲಾಸ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಮೇಲೆ ಡಿಪಾರ್ಟ್‌ಮೆಂಟಿಗೆ ಇಮೇಲ್ ಮಾಡಿ ಕೇಳಿ: "ಈ ಸರ್ಟಿಫಿಕೇಟ್ 6450ರ ಷರತ್ತು ಪೂರೈಸುತ್ತದೆಯೇ?" ಉತ್ತರ ಬರಹದಲ್ಲೇ ಬೇಕು. ಕಳೆದ ಎರಡು ವರ್ಷದ ವೇಳಾಪಟ್ಟಿಯನ್ನೂ ತೆಗೆದು ನೋಡಿ, ಬೇಕಾದ ಕ್ಲಾಸ್‌ಗಳು ನಿಜವಾಗಿ ನಡೆದಿವೆಯಾ ಅಂತ.

ಎಚ್-4ನಲ್ಲಿ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿಯಾಗಿ, ಇರುವವರು ಇದನ್ನೂ ಗಮನಿಸಿ. ಓದಲು ಅಡ್ಡಿಯಿಲ್ಲ, ಆದರೆ ಫೆಡರಲ್ ಹಣಕಾಸಿನ ನೆರವು ಸಿಗುವುದಿಲ್ಲ. ಕೆಲಸ ಮಾಡಲು ಇಎಡಿ, ಅಂದರೆ ಕೆಲಸದ ಪರವಾನಗಿ ಕಾರ್ಡ್, ಬೇಕು. 2015ರ ನಿಯಮದ ಪ್ರಕಾರ ಅದು ಎಲ್ಲ ಎಚ್-4ನವರಿಗೂ ಸಿಗುವುದಿಲ್ಲ. ಗಂಡ ಅಥವಾ ಹೆಂಡತಿಯ ಗ್ರೀನ್ ಕಾರ್ಡ್‌ಗೆ ಹಾಕುವ ಐ-140 ಅರ್ಜಿ ಮಂಜೂರಾಗಿರಬೇಕು, ಇಲ್ಲವೇ ಅವರ ಎಚ್-1ಬಿ ಆರು ವರ್ಷ ದಾಟಿ ವಿಸ್ತರಣೆಯಾಗಿರಬೇಕು. ಕೋರ್ಸಿನಲ್ಲಿ ಇಂಟರ್ನ್‌ಶಿಪ್ ಕಡ್ಡಾಯವಿದ್ದರೆ, ಸಂಬಳ ಇಲ್ಲದಿದ್ದರೂ ಸರಿ, ಇಎಡಿ ಇಲ್ಲದವರು ಮೊದಲು ವಲಸೆ ವಕೀಲರನ್ನು ಕೇಳಿ. ಇಂಟರ್ನ್‌ಶಿಪ್ ಜಾಗವನ್ನು ಕಾಲೇಜೇ ಹುಡುಕಿಕೊಡುತ್ತದಾ, ನೀವೇ ಹುಡುಕಬೇಕಾ ಅಂತಲೂ ಕೇಳಿಕೊಳ್ಳಿ. ನಮ್ಮ ಕಾಲೇಜಿನಲ್ಲಿ ನಾವೇ ಹುಡುಕಬೇಕಿತ್ತು.

ಬೇರೆ ರಾಜ್ಯದಲ್ಲಿರುವವರು ಇದನ್ನೇ ನಕಲು ಮಾಡಬೇಡಿ. ಹೆಚ್ಚಿನ ರಾಜ್ಯಗಳಲ್ಲಿ ಇಷ್ಟು ಬಿಗಿ ಕಾನೂನಿಲ್ಲ. ಉತ್ತರ ಕ್ಯಾರೊಲಿನಾದಲ್ಲಿ ಸ್ಟೇಟ್ ಬಾರ್ ಪ್ರಮಾಣೀಕರಣ ಇದೆ, ಫ್ಲೋರಿಡಾದಲ್ಲಿ ಬಾರ್‌ನ ನೋಂದಣಿ ಇದೆ, ಎರಡೂ ಐಚ್ಛಿಕ. ಆದರೂ ಲಾ ಫರ್ಮ್‌ಗಳ ಜಾಹೀರಾತಿನಲ್ಲಿ ಎಬಿಎ ಅನುಮೋದಿತ ಕೋರ್ಸ್ ಇದ್ದರೆ ಒಳ್ಳೆಯದು ಅನ್ನುವ ಸಾಲು ಎಲ್ಲ ಕಡೆ ಕಾಣುತ್ತದೆ.

ಈಗಾಗಲೇ ಸೇರಿ ಸಿಕ್ಕಿಬಿದ್ದವರು ಕೌನ್ಸೆಲರ್ ಕೊಟ್ಟ ಪ್ಲಾನ್, ಇಮೇಲ್‌ಗಳು, ಕ್ಯಾಟಲಾಗಿನ ಆ ವರ್ಷದ ಪುಟ, ಎಲ್ಲ ತೆಗೆದಿಟ್ಟುಕೊಳ್ಳಿ. ಖಾಸಗಿ ಕಾಲೇಜುಗಳನ್ನು ನೋಡಿಕೊಳ್ಳುವ ರಾಜ್ಯದ ಬ್ಯೂರೋ ಕಮ್ಯುನಿಟಿ ಕಾಲೇಜಿನ ದೂರು ತೆಗೆದುಕೊಳ್ಳುವುದಿಲ್ಲ. ಮೊದಲು ಕಾಲೇಜಿನ ಒಳಗೇ ಲಿಖಿತ ದೂರು, ಅಲ್ಲಿ ಆಗದಿದ್ದರೆ ಕ್ಯಾಲಿಫೋರ್ನಿಯಾ ಕಮ್ಯುನಿಟಿ ಕಾಲೇಜುಗಳ ಚಾನ್ಸಲರ್ ಕಚೇರಿ, ಮತ್ತು ಮಾನ್ಯತೆ ಕೊಡುವ ಎಸಿಸಿಜೆಸಿ. ನಾನು ಮೊದಲ ಹಂತದ ದೂರು ಕೊಟ್ಟಿದ್ದೇನೆ. ಹಣ ವಾಪಸ್ ಇಲ್ಲ ಅಂತ ಹೇಳಿದ್ದಾರೆ, ಸರ್ಟಿಫಿಕೇಟಿನ ವಿವರಣೆ ತಿದ್ದುವ ಬಗ್ಗೆ ಇನ್ನೂ ಉತ್ತರ ಬಂದಿಲ್ಲ. ಅಷ್ಟರಲ್ಲಿ ಎಬಿಎ ಪಟ್ಟಿಯಲ್ಲಿರುವ ಬೇರೊಂದು ಕಾಲೇಜಿಗೆ ಸೇರಿದ್ದೇನೆ. ನನ್ನ ಹಳೆಯ ಯೂನಿಟ್‌ಗಳಲ್ಲಿ ಕೆಲವನ್ನು ಮಾತ್ರ ಅವರು ಒಪ್ಪಿದ್ದಾರೆ, ಸಿವಿಲ್ ಪ್ರೊಸೀಜರ್ ಮತ್ತೆ ಮೊದಲಿನಿಂದ ಓದುತ್ತಿದ್ದೇನೆ.