ಪಾರ್ಟಿಗೆ ಇಟಾಲಿಯನ್ ಪಾರ್ಸೆಲ್: ಹಾಸನದಲ್ಲಿ ಎಲ್ಲಿಂದ ತರಿಸಬೇಕು?

ಹಾಸನದಲ್ಲಿ ಪಿಜ್ಜಾ, ಪಾಸ್ತಾ ಮಾಡುವ ಜಾಗಗಳಿಗೆ ಈಗ ಬರವಿಲ್ಲ. ಆದರೆ ಹೋಟೆಲಿನಲ್ಲಿ ಬಿಸಿಬಿಸಿ ತಿಂದು ಮೆಚ್ಚಿದ್ದು ಡಬ್ಬಿಯಲ್ಲಿ ಮುಕ್ಕಾಲು ಗಂಟೆ ಕೂತ ಮೇಲೂ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ. ಪಾರ್ಟಿಗೆ ಬೇಕಾಗಿರುವುದು ಪಾರ್ಸೆಲ್ ಕಟ್ಟಲು ಬಲ್ಲ ಅಡುಗೆಮನೆ. ಅದನ್ನು ಮೊದಲೇ ಪರೀಕ್ಷಿಸಬಹುದು.

ಪಾರ್ಟಿಗೆ ವಾರ ಮೊದಲು ಒಂದು ಪ್ಲೇಟ್ ವೈಟ್ ಸಾಸ್ ಪಾಸ್ತಾ ಪಾರ್ಸೆಲ್ ತನ್ನಿ. 45 ನಿಮಿಷ ಮುಚ್ಚಳ ತೆಗೆಯಬೇಡಿ. ಆಮೇಲೆ ಫೋರ್ಕ್ ಹಾಕಿ ಎತ್ತಿ. ಇಡೀ ಪಾಸ್ತಾ ಒಂದೇ ಮುದ್ದೆಯಾಗಿ ಮೇಲೆದ್ದರೆ, ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡಿದ್ದರೆ, ಆ ಜಾಗ ಬೇಡ. ವೈಟ್ ಸಾಸ್ ಎಂದರೆ ಬೆಣ್ಣೆಯಲ್ಲಿ ಹುರಿದ ಮೈದಾಗೆ ಹಾಲು ಹಾಕಿ ಕುದಿಸಿದ್ದು. ಆರಿದಂತೆ ಮೈದಾದ ಪಿಷ್ಟ ಗಟ್ಟಿಯಾಗುತ್ತದೆ, ಪಾಸ್ತಾ ಬೇರೆ ಅದರ ನೀರನ್ನು ಹೀರುತ್ತಲೇ ಇರುತ್ತದೆ. ತಿಳಿದ ಬಾಣಸಿಗರು ಪಾರ್ಸೆಲ್‌ಗೆಂದು ಪಾಸ್ತಾವನ್ನು ಒಂದೆರಡು ನಿಮಿಷ ಮೊದಲೇ ಇಳಿಸಿ, ಸಾಸನ್ನು ಮಜ್ಜಿಗೆಹುಳಿಯಷ್ಟು ತೆಳ್ಳಗಿಟ್ಟು, ಇನ್ನಷ್ಟು ಸಾಸನ್ನು ಬೇರೆ ಡಬ್ಬಿಯಲ್ಲಿ ಕೊಡುತ್ತಾರೆ. ಕೇಳಿದಾಗ "ಮೇಡಂ, ಸಾಸ್ ಬೇರೆ ಕೊಡ್ತೀವಿ, ಬಿಸಿ ಮಾಡಿ ಕಲಸ್ಕೊಳಿ" ಎಂದರೆ ಅರ್ಧ ಆಯ್ಕೆ ಮುಗಿಯಿತು. ದೂರ ಒಯ್ಯುವುದಾದರೆ ಟೊಮೇಟೊದ ರೆಡ್ ಸಾಸೇ ವಾಸಿ. ಆಕಾರದಲ್ಲಿ ಕೊಳವೆಯಂಥ ಪೆನ್ನೆ ಅಥವಾ ತಿರುಚಿದ ಫುಸಿಲಿ ಹೇಳಿ. ಉದ್ದ ಎಳೆಯ ಸ್ಪಗೆಟ್ಟಿ ಅಂಟಿಕೊಳ್ಳುತ್ತದೆ, ಅಕ್ಕಿಯಲ್ಲಿ ಮಾಡುವ ರಿಸೊಟ್ಟೊ ಪೊಂಗಲ್ ಆಗಿಬಿಡುತ್ತದೆ. ಎರಡೂ ಪಾರ್ಸೆಲ್‌ಗೆ ಬೇಡ.

ಪ್ರಯಾಣಕ್ಕೆ ಎಲ್ಲಕ್ಕಿಂತ ಒಗ್ಗುವುದು ಲಸಾನ್ಯಾ, ಅಂದರೆ ಪಾಸ್ತಾ ಹಾಳೆ, ಸಾಸ್, ಚೀಸ್ ಪದರ ಪದರವಾಗಿ ಜೋಡಿಸಿ ಓವನ್‌ನಲ್ಲಿ ಬೇಯಿಸಿದ್ದು. ಫಾಯಿಲ್ ಟ್ರೇಯಲ್ಲೇ ಬೇಯಿಸಿ ಕೊಡುತ್ತಾರಾ ಕೇಳಿ. ಓವನ್‌ನಿಂದ ಇಳಿಸಿ ಕಾಲು ಗಂಟೆಯಾದರೂ ಬಿಟ್ಟೇ ಕತ್ತರಿಸಬೇಕು, ಹಾಗಾಗಿ ದಾರಿಯ ಹೊತ್ತು ಅದಕ್ಕೆ ನಷ್ಟವಲ್ಲ. ಸಕಲೇಶಪುರದ ಕಡೆ ತೋಟದ ಮನೆಯಲ್ಲಿ ಕಾರ್ಯಕ್ರಮವಿದ್ದರೆ, 40 ಕಿ.ಮೀ. ದಾರಿಗೆ ಪಿಜ್ಜಾ ಬಿಟ್ಟು ಇದನ್ನೇ ಹೇಳಿ.

ಪ್ರಮಾಣದಲ್ಲಿ ಮೋಸ ಹೋಗುವವರು ಬಹಳ. ಮೆನುವಿನ "ಪ್ಲೇಟ್" ಲೆಕ್ಕ ನಂಬಬೇಡಿ. ಪ್ಲೇಟಿಗೆ ಎಷ್ಟು ಗ್ರಾಂ ಒಣ ಪಾಸ್ತಾ ಎಂದು ಕೇಳಿ. ಪಿಜ್ಜಾ ಜೊತೆಗಿದ್ದರೆ ತಲೆಗೆ 70 ಗ್ರಾಂ ಸಾಕು. 20 ಜನಕ್ಕೆ 1.4 ಕೆ.ಜಿ., ಬೆಂದ ಮೇಲೆ ಸುಮಾರು 3 ಕೆ.ಜಿ., ಸಾಸ್ ಬೇರೆ. ಪಿಜ್ಜಾ ತಲೆಗೆ ಎರಡು ಚೂರಿನಂತೆ, ಎಂಟು ಚೂರಾಗುವ 12 ಇಂಚಿನವು ಐದು. 8 ಇಂಚಿನ ಎರಡು ಪಿಜ್ಜಾ ಸೇರಿದರೂ 12 ಇಂಚಿನ ಒಂದಕ್ಕಿಂತ ಚಿಕ್ಕವು: ಸುಮಾರು 100 ಚದರ ಇಂಚಿಗೆ ಎದುರು 113. ಬೆಲೆ ಹೋಲಿಸುವಾಗ ಇದನ್ನು ಮರೆಯಬೇಡಿ.

ಪಿಜ್ಜಾ ಕೆಡುವುದು ತನ್ನದೇ ಹಬೆಯಿಂದ. ರಟ್ಟಿನ ಡಬ್ಬಿಗೆ ಗಾಳಿ ಕಿಂಡಿ ಇರಲಿ, ಮೂರಕ್ಕಿಂತ ಹೆಚ್ಚು ಪೇರಿಸಬೇಡಿ, ಮನೆಗೆ ಬಂದ ಕೂಡಲೇ ಮುಚ್ಚಳ ತೆರೆಯಿರಿ. ಐದನ್ನೂ ಒಟ್ಟಿಗೆ ತರಿಸದೆ ಅರ್ಧ ಗಂಟೆ ಬಿಟ್ಟು ಎರಡು ಸಲ ತರಿಸಿ. ಇದಕ್ಕೆ ಒಪ್ಪುವ ಹೋಟೆಲಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಟ್ಟರೂ ತಪ್ಪಿಲ್ಲ. ಆರಿದ ಚೂರನ್ನು ದೋಸೆ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿಟ್ಟು, ಪಕ್ಕಕ್ಕೆ ನಾಲ್ಕು ಹನಿ ನೀರು ಹಾಕಿ ಮುಚ್ಚಿದರೆ ಮೂರು ನಿಮಿಷದಲ್ಲಿ ತಳ ಗರಿಗರಿ, ಚೀಸ್ ಮೆತ್ತಗೆ.

ಗಾರ್ಲಿಕ್ ಬ್ರೆಡ್ ಮಾತ್ರ ಹೋಟೆಲಿಂದ ತರಿಸಲೇಬೇಡಿ. ಫಾಯಿಲ್‌ನಲ್ಲಿ ಅದು ಹತ್ತೇ ನಿಮಿಷಕ್ಕೆ ತಣ್ಣೀರು ಬಟ್ಟೆ. ಅಯ್ಯಂಗಾರ್ ಬೇಕರಿಗಳ ತವರು ಜಿಲ್ಲೆ ನಮ್ಮದು. ಹತ್ತಿರದ ಬೇಕರಿಯಲ್ಲಿ ಕತ್ತರಿಸದ ಬ್ರೆಡ್ ಕೊಂಡು, ದಪ್ಪಗೆ ಹೆಚ್ಚಿ, ಬೆಣ್ಣೆ ಬೆಳ್ಳುಳ್ಳಿ ಸವರಿ ಕಾವಲಿಯಲ್ಲೇ ಸುಡಿ.

ಸಸ್ಯಾಹಾರಿಗಳು ಬರುವ ಮನೆಯಾದರೆ ಮೂರು ವಿಷಯ ಬಾಯಿಬಿಟ್ಟು ಕೇಳಲೇಬೇಕು. ಇಟಲಿಯ ಅಸಲಿ ಪಾರ್ಮೆಸಾನ್ ಚೀಸ್‌ಗೆ ಹಾಲು ಒಡೆಯಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಚೀಸ್ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇದೆಯೇ ನೋಡಿ. ಕಾಫಿ ರುಚಿಯ ಸಿಹಿಯಾದ ಸಾಂಪ್ರದಾಯಿಕ ತಿರಾಮಿಸುವಿಗೆ ಹಸಿ ಮೊಟ್ಟೆ ಹಾಕುತ್ತಾರೆ. ಚಿಕನ್ ಪಿಜ್ಜಾ ಕತ್ತರಿಸಿದ ಚಕ್ರದ ಚಾಕುವಿನಲ್ಲೇ ಪನೀರ್ ಪಿಜ್ಜಾವನ್ನೂ ಕತ್ತರಿಸುವ ಜಾಗಗಳಿವೆ. ಕೌಂಟರ್ ಬಳಿ ಎರಡು ನಿಮಿಷ ನಿಂತರೆ ಕಣ್ಣಿಗೇ ಬೀಳುತ್ತದೆ.

ಬೇಕರಿಗಳಲ್ಲಿ ಸಿಗುವ ಪಿಜ್ಜಾ ಬಹುಪಾಲು ರೆಡಿಮೇಡ್ ಬೇಸ್‌ನದು. ಮಕ್ಕಳ ಹುಟ್ಟುಹಬ್ಬಕ್ಕೆ ಸಾಕು, ಖರ್ಚೂ ಕಡಿಮೆ. ದೊಡ್ಡವರ ಪಾರ್ಟಿಗೆ ಹಿಟ್ಟನ್ನು ತಾವೇ ಕಲಸಿ ರಾತ್ರಿಯಿಡೀ ಫ್ರಿಡ್ಜ್‌ನಲ್ಲಿ ಹುದುಗಿಸುವ ಕೆಫೆಯನ್ನೇ ಹುಡುಕಿ. ಅಂಥ ಬೇಸ್ ಆರಿದರೂ ಚರ್ಮದಂತೆ ಎಳೆದಾಡುವುದಿಲ್ಲ.

ಅಡ್ವಾನ್ಸ್ ಕೊಡುವ ಮುಂಚೆ ಇನ್ನೊಂದು ಪ್ರಶ್ನೆ: ಓವನ್ ಗ್ಯಾಸಿನದೋ, ಕರೆಂಟಿನದೋ? ಮಳೆಗಾಲದಲ್ಲಿ ಸಂಜೆ ಕರೆಂಟ್ ಹೋದರೆ ಅಂಗಡಿಯ ಯುಪಿಎಸ್ ದೀಪ, ಫ್ಯಾನ್ ನಡೆಸೀತು, ಓವನ್ ನಡೆಸದು. ಕರೆಂಟಿನದೇ ಆದರೆ ಜನರೇಟರ್ ಓವನ್ನಿನ ಲೋಡ್ ಎಳೆಯುತ್ತದೆಯೇ ಎಂದು ಕೇಳಿ, ಆಮೇಲೆ ಜೇಬಿಗೆ ಕೈ ಹಾಕಿ.