ಕೊಡಗಿನ ಮಳೆ-ಚಳಿಯಲ್ಲಿ ವಿದ್ಯಾರ್ಥಿಗಳ ಅಳತೆ ಕಿಟ್

ಪೌಷ್ಟಿಕಶಾಸ್ತ್ರದ ವಿದ್ಯಾರ್ಥಿಗಳನ್ನು ಅಂಗನವಾಡಿಗೂ ತೋಟದ ಲೈನ್ ಮನೆಗಳಿಗೂ (ಕಾರ್ಮಿಕರ ಸಾಲು ಮನೆಗಳು) ಕರೆದೊಯ್ಯುವವರು ತರಿಸುವ ಕಿಟ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಸಾಮಾನು ಇರುತ್ತವೆ: ತಾಯಿ-ಮಗು ಡಿಜಿಟಲ್ ತಕ್ಕಡಿ, ಇನ್‌ಫ್ಯಾಂಟೋಮೀಟರ್ (ಮಗುವನ್ನು ಮಲಗಿಸಿ ಉದ್ದ ಅಳೆಯುವ ಹಲಗೆ), ಸ್ಟೇಡಿಯೋಮೀಟರ್ (ನಿಲ್ಲಿಸಿ ಎತ್ತರ ಅಳೆಯುವ ಸಾಧನ), ತೋಳಿನ ಸುತ್ತಳತೆಯ ಪಟ್ಟಿ. ಹಣಕ್ಕೆ ಮೋಸವಿಲ್ಲ. ಆದರೆ ಕಾಲೇಜಿನ ಟೈಲ್ಸ್ ನೆಲದಲ್ಲಿ ಸರಿ ತೋರಿಸುವ ತಕ್ಕಡಿ ಲೈನ್ ಮನೆಯ ಇಳಿಜಾರು ಅಂಗಳದಲ್ಲಿ ಸುಳ್ಳು ಹೇಳುತ್ತದೆ.

ಕಾರಣ ಸರಳ, ನಾಲ್ಕು ಕಾಲೂ ನೆಲಕ್ಕೆ ಕೂರಬೇಕು. ಒಂದೂವರೆ ಅಡಿ ಚೌಕದ ದಪ್ಪ ಪ್ಲೈವುಡ್ ಹಲಗೆ ಜೊತೆಗಿರಲಿ. ದಿನಾ ಬೆಳಿಗ್ಗೆ ಒಬ್ಬರು ಖಾಲಿ ಕ್ಯಾನ್ ಹಿಡಿದು ತಕ್ಕಡಿ ಹತ್ತಿ, ಬಳಿಕ ಅದೇ ಕ್ಯಾನ್‌ಗೆ ಅಳೆದ 5 ಲೀಟರ್ ನೀರು ತುಂಬಿಸಿ ಹತ್ತಲಿ. ವ್ಯತ್ಯಾಸ 5 ಕಿಲೋ ಬರಬೇಕು.

ದೊಡ್ಡ ತಪ್ಪು ನಡೆಯುವುದು ತಕ್ಕಡಿಯನ್ನು ಸೊನ್ನೆಗೆ ತರುವ ಟೇರ್ ಗುಂಡಿಯಲ್ಲಿ. ತಾಯಿ ನಿಂತ ಮೇಲೆ ಸೊನ್ನೆ ಮಾಡಿ ಮಗು ಕೊಡುವಾಗ ಸ್ವೆಟರ್, ಟೋಪಿ, ಶಾಲು ಎಲ್ಲವೂ ಮಗುವಿನ ಲೆಕ್ಕಕ್ಕೆ ಸೇರುತ್ತವೆ. ಇಲ್ಲಿನ ಚಳಿಗೆ ಬಟ್ಟೆ ಕಳಚಲು ತಾಯಂದಿರು ಹಿಂಜರಿಯುವುದೂ ಸಹಜ. ಉಪಾಯ: ಸ್ವೆಟರ್ ಮೊದಲೇ ಬಿಚ್ಚಿ ತಾಯಿಯ ಕೈಗೆ ಕೊಟ್ಟು, ಆಮೇಲೆ ಟೇರ್ ಒತ್ತಿ, ತಕ್ಷಣ ಮಗು ಕೊಡಿ.

ಮರದ ಇನ್‌ಫ್ಯಾಂಟೋಮೀಟರ್ ಬೇಡ. ಜೂನ್ ಕಳೆಯುವಷ್ಟರಲ್ಲಿ ಮರ ಉಬ್ಬಿ ಪಾದದ ಹಲಗೆ ಜಾರುವುದಿಲ್ಲ. ಎರಡು ವರ್ಷ ತುಂಬದ ಮಗುವನ್ನು ಮಲಗಿಸಿಯೇ ಅಳೆಯಬೇಕು. ಹಟ ಮಾಡಿ ನಿಂತೇ ಅಳೆಸಿಕೊಂಡರೆ 0.7 ಸೆಂ.ಮೀ. ಕೂಡಿಸಿ. ಸ್ಟೇಡಿಯೋಮೀಟರ್‌ನ ಬುಡ ಅಲುಗದಿದ್ದರೆ ಸಾಕು.

ಸುತ್ತಳತೆಯ ಪಟ್ಟಿ ಪ್ಲಾಸ್ಟಿಕ್‌ನದೇ ಇರಲಿ, ಒದ್ದೆಯಾದ ಕಾಗದದ್ದು ಹಿಗ್ಗುತ್ತದೆ. 6ರಿಂದ 59 ತಿಂಗಳ ಮಕ್ಕಳಿಗೆ ಎಡತೋಳು. ಮೊಣಕೈ ಮಡಚಿ ನಡುಬಿಂದು ಗುರುತಿಸಿ, ತೋಳು ಇಳಿಬಿಟ್ಟು ಅಳೆಯಿರಿ. 11.5 ಸೆಂ.ಮೀ.ಗಿಂತ ಕಡಿಮೆ ತೀವ್ರ ಅಪೌಷ್ಟಿಕತೆ, 12.5ರ ಒಳಗೆ ಮಧ್ಯಮ. ಪಟ್ಟಿಯ ಬಣ್ಣ ನೋಡಿ 'ಹಳದಿ' ಎಂದಷ್ಟೇ ಬರೆದುಕೊಂಡು ಬರುವ ವಿದ್ಯಾರ್ಥಿಯನ್ನು ವಾಪಸ್ ಕಳಿಸಿ, ಅಂಕಿ ಬೇಕು. ಇಬ್ಬರು ಬೇರೆ ಬೇರೆ ಅಳೆದು, ತೂಕದಲ್ಲಿ 100 ಗ್ರಾಂ, ಎತ್ತರದಲ್ಲಿ 7 ಮಿ.ಮೀ., ತೋಳಿನಲ್ಲಿ 5 ಮಿ.ಮೀ. ಮೀರಿದರೆ ಮತ್ತೆ ಅಳೆಯಲಿ.

ಕಿಟ್‌ನಲ್ಲಿ ಇಲ್ಲದ್ದು 1 ಗ್ರಾಂ ತೋರಿಸುವ ಅಡುಗೆ ತಕ್ಕಡಿ. 24 ಗಂಟೆಯ ಆಹಾರ ಕೇಳುವಾಗ 'ಎರಡು ಕಡಂಬುಟ್ಟು' (ಅಕ್ಕಿ ತರಿಯ ಹಬೆಯಲ್ಲಿ ಬೇಯಿಸಿದ ಉಂಡೆ) ಎಂದರೆ ಏನೂ ಹೇಳಿದಂತಲ್ಲ, ಮನೆಗೊಂದು ಗಾತ್ರ. ಅಕ್ಕಿ ತರಿ ನೀರು ಕುಡಿದು ಬೆಂದಿರುತ್ತದೆ. ಬೆಂದ ತೂಕವನ್ನೇ ಅಕ್ಕಿಯೆಂದು ಬರೆದು, 100 ಗ್ರಾಂಗೆ ಸುಮಾರು 350 ಕಿಲೋಕ್ಯಾಲರಿ ಹಾಕಿದರೆ ಅರೆಹೊಟ್ಟೆಯ ಮಗುವೂ ಕಾಗದದ ಮೇಲೆ ಹೊಟ್ಟೆ ತುಂಬಾ ಉಂಡಿರುತ್ತದೆ.